ಯೂನಿವರ್ಸಿಟಿ ಪರೀಕ್ಷೆಗೆ ತಯಾರಿ: ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಮೊದಲಿಂದ ಕೊನೆವರೆಗೆ

ಪ್ರತಿ ಸೆಮಿಸ್ಟರ್ ರಿಸಲ್ಟ್ ಬಂದ ಮೇಲೆ ಕೇಳುವ ಮಾತು ಒಂದೇ, "ಎಲ್ಲ ಓದಿದ್ದೆ, ಪೇಪರ್ ಕೈಗೆ ಬಂದಾಗ ಬರೀಲಿಕ್ಕೆ ಆಗ್ಲಿಲ್ಲ." ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ಮಕ್ಕಳು ಹೀಗೆ ಹೇಳುವಾಗ ಅವರು ಓದಿದ್ದು ಸುಳ್ಳಲ್ಲ, ರಾತ್ರಿ ಕೂತು ಓದಿರ್ತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಕಲ್ತು, ಕಾಲೇಜಲ್ಲಿ ಪಾಠ ಇಂಗ್ಲಿಷ್ ಮತ್ತೆ ಮಲಯಾಳದಲ್ಲಿ ಕೇಳಿ, ಉತ್ತರ ಇಂಗ್ಲಿಷಲ್ಲಿ ಬರೀಬೇಕು ಅಂತ ಆದಾಗ ಓದಿದ್ದು ಕೈಗೆ ಇಳಿಯುದಿಲ್ಲ. ಇದಕ್ಕೆ ಇನ್ನೂ ಜಾಸ್ತಿ ಓದುದು ಮದ್ದಲ್ಲ, ಕೆಲಸದ ಕ್ರಮ ಬದಲಾಗ್ಬೇಕು. ಹೆಚ್ಚಿನವರು ಗೈಡ್‌ನಿಂದ ಶುರು ಮಾಡಿ ಹಳೆ ಕ್ವೆಶ್ಚನ್ ಪೇಪರನ್ನು ಕೊನೆ ದಿನ ನೋಡ್ತಾರೆ, ಬರೆದು ಅಭ್ಯಾಸ ಮಾಡುದಂತೂ ಇಲ್ಲವೇ ಇಲ್ಲ. ನಾನು ಕೆಳಗೆ ಹೇಳುದು ಇದರ ಉಲ್ಟಾ ಕ್ರಮ, ಮತ್ತೆ ಇದರಲ್ಲಿ ಅರ್ಧ ಸಮಯ ಬರೀಲಿಕ್ಕೇ ಹೋಗ್ತದೆ.

ಹೆಚ್ಚಾಗಿ ಕಣ್ಣೂರು ಯೂನಿವರ್ಸಿಟಿ ಕಾಲೇಜುಗಳವರನ್ನು ಮನಸ್ಸಲ್ಲಿಟ್ಟು ಬರೀತಿದ್ದೇನೆ. ಗಡಿ ದಾಟಿ ಮಂಗಳೂರಿಗೆ ಹೋಗುವವರಿಗೆ, ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯವರಿಗೆ ನಿಯಮ ಬೇರೆ ಇರ್ತದೆ, ಆದ್ರೆ ಓದುವ ಬರಿಯುವ ಕ್ರಮದಲ್ಲಿ ಎಂತದೂ ವ್ಯತ್ಯಾಸ ಇಲ್ಲ.

ಮೊದಲು ಇಷ್ಟು ಸಾಮಾನು ತಂದಿಟ್ಟುಕೊಳ್ಳಿ

ನಿಮ್ಮ ಸೆಮಿಸ್ಟರಿನ ಸಿಲೆಬಸ್ ಪ್ರಿಂಟ್, ಫೋನಲ್ಲಿ ಪಿಡಿಎಫ್ ಇದ್ರೆ ಸಾಲದು, ಕಾಗದದಲ್ಲೇ ಬೇಕು, ಯಾಕಂದ್ರೆ ಅದರ ಮೇಲೆ ಗೀಚ್ಲಿಕ್ಕುಂಟು. ಹಳೆ ಕ್ವೆಶ್ಚನ್ ಪೇಪರ್ ಪ್ರತಿ ಸಬ್ಜೆಕ್ಟಿಗೆ ಕನಿಷ್ಠ ಮೂರು. ಎರಡು 200 ಪೇಜಿನ ನೋಟ್‌ಬುಕ್, ಒಂದು ಪದಗಳಿಗೆ, ಇನ್ನೊಂದು ಉತ್ತರ ಬರೆದು ನೋಡ್ಲಿಕ್ಕೆ. ಒಂದು ಬದಿ ಪ್ರಿಂಟ್ ಆದ ರದ್ದಿ ಕಾಗದ ಎಷ್ಟು ಸಿಕ್ಕಿದ್ರೂ ಒಳ್ಳೆದು. ಮುಳ್ಳಿನ ಗಡಿಯಾರ ಅಥವಾ ಸಾದಾ ವಾಚ್, ಫೋನಿನ ಟೈಮರ್ ಬೇಡ, ಟೈಮ್ ನೋಡ್ಲಿಕ್ಕೆ ಅಂತ ಫೋನ್ ಹಿಡಿದ ಕೈ ವಾಟ್ಸಾಪಿಗೆ ಹೋಗ್ತದೆ. ಮಳೆಗಾಲ ಆದ್ರೆ ಚಾರ್ಜ್ ಮಾಡಿದ ಎಮರ್ಜೆನ್ಸಿ ಲೈಟ್. ನಮ್ಮ ಗುಡ್ಡದ ಕಡೆ ಒಂದು ಮರ ಲೈನಿನ ಮೇಲೆ ಬಿದ್ರೆ ರಾತ್ರಿಯಿಡೀ ಕರೆಂಟೂ ಇಲ್ಲ ರೇಂಜೂ ಇಲ್ಲ, ಆಗ ಪಿಡಿಎಫ್ ನಂಬಿದವರ ಎರಡು ದಿನ ಹಾಗೇ ಹೋಗ್ತದೆ.

ಪ್ರಿಂಟಿಗೆ ಅಕ್ಷಯ ಕೇಂದ್ರಕ್ಕೋ ಜೆರಾಕ್ಸ್ ಅಂಗಡಿಗೋ ಸೆಮಿಸ್ಟರ್ ಶುರುವಲ್ಲೇ ಒಮ್ಮೆ ಹೋಗಿ ಎಲ್ಲ ಒಟ್ಟಿಗೆ ತೆಗೆಸಿ.

ಹಂತ 1: ಪರೀಕ್ಷೆಗೆ ಕೂರುವ ಹಕ್ಕು ಉಂಟಾ ಅಂತ ನೋಡುದು

ಓದುವ ಮೊದಲು ಇದು. ಹಾಜರಿ 75 ಪರ್ಸೆಂಟ್ ಉಂಟಾ ಅಂತ ತಿಂಗಳಿಗೊಮ್ಮೆ ಡಿಪಾರ್ಟ್‌ಮೆಂಟಲ್ಲಿ ಕೇಳಿ, ಕೊನೆಗೆ ಕೇಳಿದ್ರೆ ಪ್ರಯೋಜನ ಇಲ್ಲ. ಆಸ್ಪತ್ರೆಗೆ ಹೋಗಿ ರಜೆ ಆದದ್ದಾದ್ರೆ ಸರ್ಟಿಫಿಕೇಟ್ ಆಗಲೇ ತೆಗೆದಿಡಿ, ಕಂಡೊನೇಷನ್‌ಗೆ, ಅಂದ್ರೆ ಹಾಜರಿ ಕಮ್ಮಿ ಆದದ್ದನ್ನು ಮನ್ನಾ ಮಾಡಿ ಅಂತ, ಅರ್ಜಿ ಹಾಕುವಾಗ ಬೇಕಾಗ್ತದೆ.

ಎಕ್ಸಾಮ್ ರಿಜಿಸ್ಟ್ರೇಷನ್‌ಗೆ ಫೈನ್ ಇಲ್ಲದೆ ಒಂದು ದಿನಾಂಕ ಇರ್ತದೆ, ಫೈನ್ ಸಹಿತ ಇನ್ನೊಂದು. ಇದರಲ್ಲಿ ನಮ್ಮ ಮಕ್ಕಳು ಬೀಳುದು ಭಾಷೆಯಿಂದ. ಕ್ಲಾಸ್ ಗ್ರೂಪಲ್ಲಿ ಮೆಸೇಜ್ ಮಲಯಾಳ ಲಿಪಿಯಲ್ಲಿ ಬರ್ತದೆ, ಮಾತಾಡಿದ್ರೆ ಅರ್ಥ ಆಗುವವರಿಗೂ ಓದ್ಲಿಕ್ಕೆ ಬರುದಿಲ್ಲ, ಯಾರಾದ್ರೂ ಹೇಳ್ತಾರೆ ಅಂತ ಬಿಟ್ಟುಬಿಡ್ತಾರೆ. ಹಾಗೆ ಬಿಡ್ಬೇಡಿ. ಮೆಸೇಜ್ ಕಾಪಿ ಮಾಡಿ ಟ್ರಾನ್ಸ್‌ಲೇಟ್ ಆ್ಯಪಿಗೆ ಹಾಕಿ, ಫೋಟೋ ಆದ್ರೆ ಗೂಗಲ್ ಲೆನ್ಸ್ ಹಿಡೀರಿ, ಅದರ ಮೇಲೆ ಪಕ್ಕದ ಬೆಂಚಿನ ಮಲಯಾಳಿ ಫ್ರೆಂಡ್ ಹತ್ರ ಒಮ್ಮೆ ಓದಿಸಿ. ಅವಸಾನ ತೀಯತಿ ಅಂದ್ರೆ ಕೊನೆ ದಿನಾಂಕ, ಪಿಳ ಅಂದ್ರೆ ಫೈನ್, ಮಾಟ್ಟಿವೆಚ್ಚು ಅಂದ್ರೆ ಪರೀಕ್ಷೆ ಮುಂದೆ ಹೋಗಿದೆ. ಈ ಮೂರು ಮಾತು ಮಲಯಾಳ ಲಿಪಿಯಲ್ಲಿ ಹೇಗೆ ಕಾಣ್ತದೆ ಅಂತ ಒಂದು ಕಾಗದದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ರೂ ಸಾಕು.

2024ರ ಅಡ್ಮಿಷನ್‌ನಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಗಿದೆಯಲ್ಲ, ಆ ಬ್ಯಾಚಿನವರು ಕೋರ್ಸ್ ಕೋಡ್ ತಪ್ಪದೆ ನೋಡಿ. ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗಿನ ವಿಷಯ) ಅಂತ ಬೇರೆ ಬೇರೆ ಡಿಪಾರ್ಟ್‌ಮೆಂಟಿನ ಪೇಪರ್ ಇರ್ತದೆ, ಹೆಸರು ಹೆಚ್ಚುಕಡಿಮೆ ಒಂದೇ ಥರ ಇರ್ತದೆ, ರಿಜಿಸ್ಟ್ರೇಷನ್‌ನಲ್ಲಿ ಬೇರೆ ಕೋಡ್ ಬಿದ್ರೆ ಹಾಲ್ ಟಿಕೆಟ್ ಬಂದ ಮೇಲೆ ಓಡಾಟ. ಕನ್ಫರ್ಮ್ ಒತ್ತುವ ಮೊದಲು ಕೋಡನ್ನು ಸಿಲೆಬಸ್ ಪ್ರಿಂಟಿನ ಜೊತೆ ಅಕ್ಷರ ಅಕ್ಷರ ತಾಳೆ ಹಾಕಿ, ಮತ್ತೆ ಹಣ ಕಟ್ಟಿದ ರಸೀದಿ ತೆಗೆದಿಡಿ.

ಹಂತ 2: ಸಿಲೆಬಸ್ ಮೇಲೆ ಪೆನ್ಸಿಲ್ ಹಿಡಿದು ಕೂರುದು

ಒಂದು ಸಬ್ಜೆಕ್ಟಿಗೆ ಒಂದು ಗಂಟೆ ಕೊಡಿ. ಮಾಡ್ಯೂಲ್ ಒಂದೊಂದೇ ಓದಿ, ಪ್ರತಿ ಟಾಪಿಕ್ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಗೊತ್ತುಂಟು, ಕೇಳಿದ ನೆನಪುಂಟು, ಎಂತದೂ ಗೊತ್ತಿಲ್ಲ. ಪುಸ್ತಕ ತೆರೀಬೇಡಿ, ಬರೀ ಗುರುತು.

ಮುಗಿದ ಮೇಲೆ ಮೇಲ್ಗಡೆ ಕೋರ್ಸ್ ಔಟ್‌ಕಮ್ ಅಂತ ಇರುವ ಟೇಬಲ್ ನೋಡಿ. ಅದನ್ನು ಯಾರೂ ಓದುದಿಲ್ಲ, ಆದ್ರೆ ಕ್ವೆಶ್ಚನ್ ಯಾವ ಥರದ್ದು ಬರ್ತದೆ ಅಂತ ಅದರಿಂದ ಅಂದಾಜು ಸಿಗ್ತದೆ. ರಿಮೆಂಬರ್, ಅಂಡರ್‌ಸ್ಟ್ಯಾಂಡ್, ಅಪ್ಲೈ, ಅನಲೈಸ್ ಅಂತ ಒಂದೊಂದರ ಎದುರು ಅಕ್ಷರ ಹಾಕಿರ್ತಾರೆ. ಅಪ್ಲೈ ಅಂತ ಇದ್ದಲ್ಲಿ ಬರೀ ಡೆಫಿನಿಷನ್ ಬಾಯಿಪಾಠ ಮಾಡಿದ್ರೆ ಮಾರ್ಕ್ ಬರುದಿಲ್ಲ, ಲೆಕ್ಕವೋ ಉದಾಹರಣೆಯೋ ಮಾಡಿ ತೋರಿಸ್ಬೇಕಾಗ್ತದೆ.

ಟೀಚರ್ ಸ್ಪೆಸಿಫಿಕ್ ಮಾಡ್ಯೂಲ್ (ಟೀಚರೇ ವಿಷಯ ಆರಿಸುವ ಭಾಗ) ಅಂತ ಇದ್ರೆ ಅದರಿಂದ ಯೂನಿವರ್ಸಿಟಿ ಪೇಪರಲ್ಲಿ ಬರ್ತದಾ ಇಂಟರ್ನಲ್‌ಗೆ ಮಾತ್ರವಾ ಅಂತ ಸರ್ ಅಥವಾ ಮಿಸ್ ಹತ್ರ ನೇರ ಕೇಳಿ. ಕೇಳ್ಲಿಕ್ಕೆ ಮಲಯಾಳ ಬರುದಿಲ್ಲ ಅಂತ ಹಿಂದೆ ನಿಲ್ಬೇಡಿ, ಮುರುಕು ಇಂಗ್ಲಿಷಲ್ಲಿ ಕೇಳಿದ್ರೂ ಉತ್ತರ ಸಿಗ್ತದೆ.

ಹಂತ 3: ಹಳೆ ಪೇಪರನ್ನು ಬಿಡಿಸಿ ನೋಡುದು

ಇಲ್ಲಿ ಅವಸರ ಮಾಡ್ಬೇಡಿ, ಇಡೀ ತಯಾರಿ ನಿಂತಿರುದು ಇದರ ಮೇಲೆ. ಪೇಪರ್ ಎಲ್ಲಿ ಸಿಗ್ತದೆ ಅಂದ್ರೆ ಕಾಲೇಜ್ ಲೈಬ್ರರಿಯಲ್ಲಿ ಬೈಂಡ್ ಮಾಡಿ ಇಟ್ಟಿರ್ತಾರೆ, ಕೆಲವು ಡಿಪಾರ್ಟ್‌ಮೆಂಟಲ್ಲಿ ಫೈಲ್ ಉಂಟು, ಇಲ್ಲದಿದ್ರೆ ಸೀನಿಯರ್ ಅಕ್ಕಂದಿರ ಹತ್ರ ಇರ್ತದೆ. ಒಂದು ಎಚ್ಚರ, ಮೂರು ವರ್ಷದ ಡಿಗ್ರಿ ಇದ್ದಾಗಿನ ಪೇಪರುಗಳ ಮಾರ್ಕ್ ಪ್ಯಾಟರ್ನ್ ಬೇರೆ. ಅದರಿಂದ ಟಾಪಿಕ್ ಮಾತ್ರ ತಕ್ಕೊಳ್ಳಿ, ಎಷ್ಟು ಮಾರ್ಕಿಗೆ ಎಷ್ಟು ಪ್ರಶ್ನೆ ಅಂತ ಲೆಕ್ಕ ತಕ್ಕೊಳ್ಬೇಡಿ. ಪ್ಯಾಟರ್ನ್‌ಗೆ ನಿಮ್ಮ ಸಿಲೆಬಸ್ಸಿನ ಕೊನೆಯಲ್ಲಿ ಇರುವ ಮಾದರಿ ಪೇಪರ್ ನೋಡಿ, ಕಾಲೇಜಿನ ಮಾಡೆಲ್ ಎಕ್ಸಾಮ್ ಪೇಪರೂ ಸಹಾಯಕ್ಕೆ ಬರ್ತದೆ.

ಈಗ ಪ್ರತಿ ಪ್ರಶ್ನೆಯನ್ನು ಸಿಲೆಬಸ್ ಪ್ರಿಂಟಲ್ಲಿ ಹುಡುಕಿ, ಆ ಟಾಪಿಕ್ ಪಕ್ಕ ಗೆರೆ ಎಳೀರಿ, ಎಷ್ಟು ಮಾರ್ಕಿಗೆ ಬಂದಿದೆ ಅಂತಲೂ ಬರೀರಿ. ಮೂರು ನಾಲ್ಕು ಪೇಪರ್ ಮುಗಿಯುವಾಗ ಕೆಲವು ಟಾಪಿಕ್ ಪಕ್ಕ ಗೆರೆ ತುಂಬಿರ್ತದೆ, ಕೆಲವು ಖಾಲಿ. ಗೆರೆ ತುಂಬಿದ್ದು ಮತ್ತು ನಿಮಗೆ ಎಂತದೂ ಗೊತ್ತಿಲ್ಲ ಅಂತ ಗುರುತು ಬಿದ್ದದ್ದು ಎರಡೂ ಒಂದೇ ಟಾಪಿಕ್ ಮೇಲೆ ಬಂದ್ರೆ, ಅಲ್ಲಿಂದ ಓದು ಶುರು. ಮಾಡ್ಯೂಲ್ ಒಂದರಿಂದ ಕ್ರಮವಾಗಿ ಶುರು ಮಾಡುವ ಅಭ್ಯಾಸ ಬಿಡಿ, ಒಂದನೇ ಮಾಡ್ಯೂಲ್ ಚೆನ್ನಾಗಿ ಬರುದು ನಾಲ್ಕನೆಯದ್ದು ಮುಟ್ಟದೇ ಇರುದು ಈ ಅಭ್ಯಾಸದಿಂದಲೇ.

ಪ್ರಶ್ನೆಯ ಕ್ರಿಯಾಪದವನ್ನೂ ಅಡಿಗೆರೆ ಹಾಕಿ ನೋಡಿ. ಡಿಫೈನ್ ಅಂದ್ರೆ ಎರಡು ವಾಕ್ಯ. ಎಕ್ಸ್‌ಪ್ಲೇನ್ ಅಂದ್ರೆ ಹೇಗೆ, ಯಾಕೆ. ಡಿಸ್ಟಿಂಗ್ವಿಶ್ ಅಂದ್ರೆ ಎರಡು ಕಾಲಂ ಮಾಡಿ ಎದುರು ಎದುರು. ಕ್ರಿಟಿಕಲಿ ಎಕ್ಸಾಮಿನ್ ಅಂದ್ರೆ ಒಳ್ಳೆದು ಕೆಟ್ಟದು ಎರಡೂ ಹೇಳಿ ನಿಮ್ಮ ನಿರ್ಣಯ. ಇಲ್ಯುಸ್ಟ್ರೇಟ್ ಅಂತ ಕೇಳಿದಲ್ಲಿ ಉದಾಹರಣೆಯೋ ಚಿತ್ರವೋ ಕೊಡದೆ ಎರಡು ಪುಟ ಬರೆದು ಮಾರ್ಕ್ ಕಳ್ಕೊಂಡವರನ್ನು ಪ್ರತಿ ವರ್ಷ ನೋಡ್ತೇನೆ, ಬೇಜಾರಾಗ್ತದೆ, ಯಾಕಂದ್ರೆ ವಿಷಯ ಅವರಿಗೆ ಗೊತ್ತಿತ್ತು.

ಇನ್ನೊಂದು ಮಾತು, ಬಂದ ಪ್ರಶ್ನೆ ಮಾತ್ರ ಓದಿ ಉಳಿದದ್ದು ಬಿಡುದೂ ಅಪಾಯ. ಗೆರೆ ಇಲ್ಲದ ಟಾಪಿಕ್‌ಗಳಿಂದ ಎರಡು ಮೂರು ಮಾರ್ಕಿನ ಪ್ರಶ್ನೆಗೆ ಬೇಕಾದಷ್ಟು, ಅಂದ್ರೆ ಅರ್ಥ ಮತ್ತು ಒಂದು ಉದಾಹರಣೆ ತಿಳ್ಕೊಂಡಿರಿ.

ಹಂತ 4: ಹಿಂದಿನಿಂದ ದಿನ ಎಣಿಸುದು

ಪರೀಕ್ಷೆಯ ಮೊದಲ ದಿನ ಕ್ಯಾಲೆಂಡರಲ್ಲಿ ಗುರುತು ಮಾಡಿ ಅಲ್ಲಿಂದ ಹಿಂದೆ ಬನ್ನಿ. ಟೈಮ್‌ಟೇಬಲ್ ಬಾರದೇ ಇದ್ರೆ ಕಳೆದ ವರ್ಷ ಯಾವ ವಾರ ಶುರುವಾಯ್ತು ಅಂತ ಕೇಳಿ ಅದನ್ನೇ ಇಟ್ಟುಕೊಳ್ಳಿ. ಕೊನೆಯ ವಾರ ಪೂರ್ತಿ ಪೇಪರ್ ಬರೆದು ನೋಡ್ಲಿಕ್ಕೆ, ಅದರ ಹಿಂದಿನ ಎರಡು ವಾರ ರಿವಿಷನ್, ಅದಕ್ಕೂ ಹಿಂದೆ ಹೊಸತಾಗಿ ಓದ್ಲಿಕ್ಕೆ. ಆರು ವಾರ ಇದ್ರೆ ಆರಾಮ, ನಾಲ್ಕು ಇದ್ರೂ ಆಗ್ತದೆ. ಸ್ಟಡಿ ಲೀವ್ ಸಿಗ್ತದೆ ಅಂತ ಅದರ ಮೇಲೆ ಲೆಕ್ಕ ಹಾಕ್ಬೇಡಿ.

ನಮ್ಮೂರಿನ ಲೆಕ್ಕ ಬೇರೆ ಇರ್ತದೆ. ದೀಪಾವಳಿಯಿಂದ ಪತ್ತನಾಜೆವರೆಗೆ, ಅಂದ್ರೆ ಮೇ ಕೊನೆವರೆಗೆ, ಭೂತದ ಕೋಲ, ತೆಯ್ಯ, ಯಕ್ಷಗಾನ ಆಟ, ಮದುವೆ, ಮನೆ ಒಕ್ಕಲು, ಮತ್ತೆ ತೋಟ ಇದ್ದ ಮನೆಯಲ್ಲಿ ಅಡಿಕೆ ಕೊಯ್ಲು ಒಣಗಿಸುದು, ಇದರೊಳಗೇ ಎರಡು ಸೆಮಿಸ್ಟರಿನ ಪರೀಕ್ಷೆಯೂ ಬರ್ತದೆ. ಯಾವುದಕ್ಕೆ ಹೋಗ್ಲೇಬೇಕು ಅಂತ ಅಪ್ಪ ಅಮ್ಮನ ಹತ್ರ ಕೂತು ಮೊದಲೇ ಮಾತಾಡಿ, ಆ ದಿನಗಳನ್ನು ಕ್ಯಾಲೆಂಡರಿಂದ ಹೊಡೆದು ಹಾಕಿ, ಉಳಿದ ದಿನಕ್ಕೆ ಮಾತ್ರ ಓದು ಹಂಚಿ. ಮನೆಯ ಭೂತದ ನೇಮಕ್ಕೆ ಹೋಗ್ಬಾರ್ದು ಅಂತ ಯಾರೂ ಹೇಳುದಿಲ್ಲ, ಹೋಗುವ ದಿನವನ್ನು ಓದುವ ದಿನ ಅಂತ ಬರೆದಿಟ್ಟು ಆಮೇಲೆ ಇಡೀ ಟೈಮ್‌ಟೇಬಲ್ ಮುರಿದು ಬೀಳುದು ಬೇಡ.

ದಿನಕ್ಕೆ ಎರಡು ಸಬ್ಜೆಕ್ಟ್ ಸಾಕು, ಒಂದು ಕಷ್ಟದ್ದು ಒಂದು ಸುಲಭದ್ದು. ಮೈನರ್ ಮತ್ತು ಸಣ್ಣ ಪೇಪರ್‌ಗಳನ್ನು ವಾರದಲ್ಲಿ ಒಂದು ದಿನಕ್ಕೆ ಕಡ್ಡಾಯ ಸೇರಿಸಿ. ಮೇಜರಲ್ಲಿ ಒಳ್ಳೆ ಮಾರ್ಕ್ ಬಂದು ಮೈನರಲ್ಲಿ ಸಪ್ಲಿ (ಫೇಲಾದ ಪೇಪರನ್ನು ಪುನಃ ಬರೆಯುವ ಪರೀಕ್ಷೆ) ಬರೆಯುವವರು ಎಷ್ಟೋ ಜನ.

ಬೆಳಿಗ್ಗೆ ಬಸ್ಸಲ್ಲಿ ಒಂದೂವರೆ ಗಂಟೆ ಹೋಗ್ತದೆ ಅನ್ನುವವರು ಆ ಹೊತ್ತಿಗೆ ಹೊಸ ಪಾಠ ಇಟ್ಕೊಳ್ಬೇಡಿ, ನಿಂತುಕೊಂಡು ಆಗುದಿಲ್ಲ. ಪದಪುಸ್ತಕ ನೋಡ್ಲಿಕ್ಕೆ ಮಾತ್ರ ಅದು ಒಳ್ಳೆ ಸಮಯ.

ಹಂತ 5: ಅರ್ಥ ಕನ್ನಡದಲ್ಲಿ, ಉತ್ತರ ಇಂಗ್ಲಿಷಲ್ಲಿ

ಕನ್ನಡ ಮೀಡಿಯಂನಿಂದ ಬಂದವರು ಸೋಲುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಉದ್ದ ಹೇಳ್ತೇನೆ.

ಹೆಚ್ಚಿನವರು ಏನ್ಮಾಡ್ತಾರೆ ಅಂದ್ರೆ ಗೈಡಿನ ಇಂಗ್ಲಿಷ್ ಪ್ಯಾರಾಗಳನ್ನು ಅರ್ಥ ಆಗದೆ ಬಾಯಿಪಾಠ ಮಾಡ್ತಾರೆ. ಹಾಲಲ್ಲಿ ಮೂರನೇ ವಾಕ್ಯದ ಒಂದು ಪದ ಮರೆತ್ರೆ ಅಲ್ಲಿಗೆ ಮುಗಿಯಿತು, ಮುಂದಿನದ್ದು ಯಾವುದೂ ಬರುದಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಭಾಗವತರ ಪದ್ಯವನ್ನು ಹಿಡ್ಕೊಂಡು ಮಾತನ್ನು ಅಲ್ಲೇ ಕಟ್ತಾರಲ್ಲ, ಉತ್ತರವನ್ನೂ ಹಾಗೇ ಕಟ್ಬೇಕು, ಪಾಯಿಂಟ್ ಮಾತ್ರ ನೆನಪಲ್ಲಿ, ವಾಕ್ಯ ಅಲ್ಲೇ.

ಅದಕ್ಕೆ ಹೀಗೆ ಮಾಡಿ. ಮೊದಲು ಟಾಪಿಕನ್ನು ಒಮ್ಮೆ ಇಂಗ್ಲಿಷ್ ಪುಸ್ತಕದಲ್ಲಿ ಓದಿ, ಗೊತ್ತಿಲ್ಲದ ಪದಕ್ಕೆ ಅಡಿಗೆರೆ. ಆಮೇಲೆ ಪುಸ್ತಕ ಮುಚ್ಚಿ ಮನೆಯಲ್ಲಿ ಯಾರಿಗಾದ್ರೂ, ತಂಗಿಗೋ ಅಮ್ಮನಿಗೋ, ಕನ್ನಡದಲ್ಲಿ ಅಥವಾ ತುಳುವಲ್ಲಿ ವಿವರಿಸಿ, ಹವ್ಯಕದಲ್ಲೋ ಕೊಂಕಣಿಯಲ್ಲೋ ಆದ್ರೂ ಸರಿ. ವಿವರಿಸ್ಲಿಕ್ಕೆ ಆಗದಿದ್ರೆ ನಿಮಗೆ ಅರ್ಥ ಆಗ್ಲಿಲ್ಲ, ವಾಪಸ್ ಪುಸ್ತಕಕ್ಕೆ. ವಿವರಿಸಿ ಆದ ಮೇಲೆ ಮಾತ್ರ ಇಂಗ್ಲಿಷ್ ಕೀವರ್ಡುಗಳನ್ನು ಪದಪುಸ್ತಕಕ್ಕೆ ಹತ್ತಿಸಿ. ಮೂರು ಕಾಲಂ: ಇಂಗ್ಲಿಷ್ ಪದ ಸ್ಪೆಲ್ಲಿಂಗ್ ಸಹಿತ, ಕನ್ನಡ ಅರ್ಥ, ನಿಮ್ಮದೇ ಒಂದು ಚಿಕ್ಕ ಇಂಗ್ಲಿಷ್ ವಾಕ್ಯ. ಮೂರನೇ ಕಾಲಂ ಬಿಟ್ರೆ ಈ ಪುಸ್ತಕ ಬರೀ ಡಿಕ್ಷನರಿ ಆಗ್ತದೆ, ಕೈಗೆ ಬರುದಿಲ್ಲ.

ಒಂದು ಉದಾಹರಣೆ ಇಕನಾಮಿಕ್ಸಿಂದ. ಲಾ ಆಫ್ ಡಿಮಾಂಡ್ ವಿವರಿಸಿ ಅಂತ ಪ್ರಶ್ನೆ. ಬಾಯಿಪಾಠ ಬೇಡ, ಆರು ಪಾಯಿಂಟ್ ನೆನಪಿಡಿ: ಬೇರೆ ಎಲ್ಲ ಹಾಗೇ ಇದ್ದು ಬೆಲೆ ಏರಿದ್ರೆ ಬೇಡಿಕೆ ಇಳಿಯುತ್ತದೆ ಅನ್ನುವ ಡೆಫಿನಿಷನ್, ಅಸಂಪ್ಷನ್‌ಗಳು, ಒಂದು ಚಿಕ್ಕ ಟೇಬಲ್, ಚಿತ್ರ, ಕಾರಣ, ಎಕ್ಸೆಪ್ಷನ್. ಚಿತ್ರದಲ್ಲಿ ನಿಂತ ಗೆರೆಯಲ್ಲಿ ಬೆಲೆ, ಮಲಗಿದ ಗೆರೆಯಲ್ಲಿ ಪ್ರಮಾಣ, ಡಿಮಾಂಡ್ ಕರ್ವ್ ಎಡದಿಂದ ಬಲಕ್ಕೆ ಇಳೀತದೆ. ಕಾರಣದಲ್ಲಿ ಇನ್‌ಕಮ್ ಎಫೆಕ್ಟ್, ಸಬ್‌ಸ್ಟಿಟ್ಯೂಷನ್ ಎಫೆಕ್ಟ್. ಎಕ್ಸೆಪ್ಷನ್‌ನಲ್ಲಿ ಗಿಫೆನ್ ಗೂಡ್ಸ್ (ಬೆಲೆ ಏರಿದ್ರೂ ಬಡವರು ಜಾಸ್ತಿ ಕೊಳ್ಳುವ ಕಡಿಮೆ ದರ್ಜೆಯ ಸಾಮಾನು), ವೆಬ್ಲೆನ್ ಗೂಡ್ಸ್ (ದುಬಾರಿ ಅಂತಲೇ ಕೊಳ್ಳುವ ಸಾಮಾನು). ಈ ಆರು ಪಾಯಿಂಟಿಗೆ ಮೂರು ಮೂರು ಚಿಕ್ಕ ವಾಕ್ಯ ಬರೆದ್ರೂ ಹದಿನೆಂಟು ವಾಕ್ಯ ಆಯ್ತು. ಇಂಗ್ಲಿಷ್ ಸಾದಾ ಇದ್ರೆ ಸಾಕು, ಕರ್ತೃ ಕ್ರಿಯೆ ಕರ್ಮ ಸರಿ ಇದ್ದ ಎಂಟು ಪದದ ವಾಕ್ಯಕ್ಕೆ ಮಾರ್ಕ್ ಸಿಗ್ತದೆ, ಗೈಡಿನ ಮೂರು ಸಾಲಿನ ವಾಕ್ಯ ಅರ್ಧಕ್ಕೆ ನಿಂತ್ರೆ ಸಿಗುದಿಲ್ಲ.

ಉದಾಹರಣೆ ನಿಮ್ಮ ಊರಿನದ್ದೇ ಕೊಡಿ. ಶಾರ್ಟ್ ರನ್‌ನಲ್ಲಿ ಸಪ್ಲೈ ಯಾಕೆ ಇನ್‌ಎಲಾಸ್ಟಿಕ್, ಅಂದ್ರೆ ಬೆಲೆ ಏರಿದ್ರೂ ಯಾಕೆ ಬೇಗ ಹೆಚ್ಚುದಿಲ್ಲ, ಅಂತ ಬರೆಯುವಾಗ ಅಡಿಕೆ ಇಟ್ಕೊಳ್ಳಿ, ಸಸಿ ನೆಟ್ಟು ಫಸಲು ಬರ್ಲಿಕ್ಕೆ ವರ್ಷಗಳು ಬೇಕು, ಅದಕ್ಕೆ ಕ್ರಯ ಏರಿದ ವರ್ಷವೇ ಹೊಸ ಅಡಿಕೆ ಮಾರ್ಕೆಟಿಗೆ ಬರುದಿಲ್ಲ. ಇದು ನಿಮಗೆ ಮರೆತೂ ಹೋಗುದಿಲ್ಲ, ವ್ಯಾಲ್ಯುವೇಷನ್ ಮಾಡುವವರಿಗೂ ಗೈಡಿನಿಂದ ಇಳಿಸಿದ್ದಲ್ಲ ಅಂತ ಗೊತ್ತಾಗ್ತದೆ.

ಬಿಎ ಕನ್ನಡದವರಿಗೆ ಬೇರೆ ತೊಂದರೆ. ಮನೆಭಾಷೆ ಅಂತ ಓದುದೇ ಇಲ್ಲ, ಹಾಲಲ್ಲಿ ಪುಟ ತುಂಬಿಸ್ತಾರೆ, ವಿಷಯ ಮಾತ್ರ ತೆಳು. ಛಂದಸ್ಸಿನಂಥ ಭಾಗ ಪೂರಾ ಅಂಕ ಕೊಡುವ ಜಾಗ, ಅದನ್ನು ಬಿಡ್ಬೇಡಿ. ಷಟ್ಪದಿ ಆರು: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಭಾಮಿನಿಯಲ್ಲಿ 1, 2, 4, 5ನೇ ಸಾಲಿಗೆ 3+4+3+4, ಅಂದ್ರೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ ಅದರ ಒಂದೂವರೆ ಪಾಲು ಮತ್ತೆ ಕೊನೆಗೊಂದು ಗುರು, 23 ಮಾತ್ರೆ, ಒಟ್ಟು 102. ಪ್ರಸ್ತಾರ ಹಾಕಿ ಮುಗಿದ ಮೇಲೆ ಕೂಡಿ ನೋಡಿ, 102 ಬಾರದಿದ್ರೆ ಎಲ್ಲೋ ಲಘು ಗುರು ತಪ್ಪಿದೆ. ಸಂದರ್ಭ ಸಹಿತ ವಿವರಿಸಿ ಅಂತ ಬಂದಲ್ಲಿ ಯಾವ ಪಾಠ, ಯಾರು ಯಾರಿಗೆ ಹೇಳಿದ್ದು, ಯಾವಾಗ, ಸ್ವಾರಸ್ಯ ಎಂತದು, ಈ ನಾಲ್ಕೂ ಬರ್ಲೇಬೇಕು. ಅಲ್ಪಪ್ರಾಣ ಮಹಾಪ್ರಾಣ ತಪ್ಪು ಸಾಹಿತ್ಯದ ಪೇಪರಲ್ಲಿ ಎದ್ದು ಕಾಣ್ತದೆ, ನಿಮ್ಮ ಉತ್ತರವನ್ನು ಇನ್ನೊಬ್ಬರ ಹತ್ರ ತಿದ್ದಿಸಿ.

ಸೈನ್ಸಿನವರು ಲ್ಯಾಬ್ ರೆಕಾರ್ಡ್ ಸಹಿ ಮಾಡಿಸುದನ್ನು ಸ್ಟಡಿ ಲೀವಿಗೆ ಬಿಡ್ಬೇಡಿ, ಓದುವ ದಿನ ಅದರಲ್ಲೇ ಹೋಗ್ತದೆ.

ಹಂತ 6: ಪುಸ್ತಕ ಮುಚ್ಚಿ ಬರೆಯುದು

ಓದಿದ್ದನ್ನೇ ಪುನಃ ಪುನಃ ಓದಿದ್ರೆ ಗೊತ್ತುಂಟು ಅಂತ ಅನಿಸ್ತದೆ, ಆದ್ರೆ ಅದು ನೋಡಿ ಪರಿಚಯ ಆದದ್ದು ಅಷ್ಟೇ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅಂತ ಇಬ್ಬರು 2006ರಲ್ಲಿ ಕಾಲೇಜ್ ಮಕ್ಕಳ ಮೇಲೆ ಪ್ರಯೋಗ ಮಾಡಿದ್ರು. ಒಂದೇ ಪಾಠವನ್ನು ಎರಡು ಸಲ ಓದುದು ಒಂದು ಕ್ರಮ, ಒಮ್ಮೆ ಓದಿ ಮತ್ತೆ ಮುಚ್ಚಿಟ್ಟು ನೆನಪಿಂದ ಬರೆಯುದು ಇನ್ನೊಂದು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದೆ, ಒಂದು ವಾರದ ನಂತರ ಕೇಳಿದಾಗ ಬರೆದು ನೋಡಿದ್ದಕ್ಕೆ 56 ಪರ್ಸೆಂಟ್ ನೆನಪು, ಬರೀ ಓದಿದ್ದಕ್ಕೆ 42. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಅಲ್ಲ.

ಹಾಗಾಗಿ ಒಂದು ಟಾಪಿಕ್ ಓದಿದ ದಿನವೇ ರಾತ್ರಿ ರದ್ದಿ ಕಾಗದದಲ್ಲಿ ನೆನಪಿಂದ ಪಾಯಿಂಟ್ ಬರೀರಿ. ಎಷ್ಟು ತಪ್ಪಿದ್ರೂ ಪುಸ್ತಕ ತೆರೀಬೇಡಿ, ಪೂರ್ತಿ ಮುಗಿದ ಮೇಲೆ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಿ. ಮೂರು ದಿನ ಬಿಟ್ಟು ಅದನ್ನೇ ಪುನಃ, ಒಂದು ವಾರ ಬಿಟ್ಟು ಇನ್ನೊಮ್ಮೆ. ಮೂರನೇ ಸಲ ಕೆಂಪು ಕಡಿಮೆ ಇದ್ರೆ ಆ ಟಾಪಿಕ್ ಆಯ್ತು. ಕೆಂಪು ಹಾಗೇ ಉಂಟು ಅಂತಾದ್ರೆ ಅರ್ಥದಲ್ಲೇ ತೊಂದರೆ, ಹಂತ ಐದಕ್ಕೆ ವಾಪಸ್ ಹೋಗಿ, ಇನ್ನೂ ಹತ್ತು ಸಲ ಓದಿ ಪ್ರಯೋಜನ ಇಲ್ಲ.

ವಾರಕ್ಕೆ ಎರಡು ಎಸೇಯನ್ನಾದ್ರೂ ಪೂರ್ತಿ ವಾಕ್ಯದಲ್ಲಿ ಬರೀರಿ. ಬರೆದದ್ದನ್ನು ಟೀಚರಿಗೆ ತೋರಿಸಿ, ತೋರಿಸುವಾಗ "ಇದಕ್ಕೆ ಎಷ್ಟು ಮಾರ್ಕ್ ಕೊಡ್ತೀರಿ, ಎಲ್ಲಿ ಕಮ್ಮಿ" ಅಂತ ಕೇಳಿ. ಬರೀ ನೋಡಿ ಅಂತ ಕೊಟ್ರೆ ಒಳ್ಳೆದುಂಟು ಅಂತ ಹೇಳಿ ಬಿಡ್ತಾರೆ, ಅದರಿಂದ ನಿಮಗೆ ಎಂತದೂ ಗೊತ್ತಾಗುದಿಲ್ಲ.

ಅಪಾಯದ ಗುರುತುಗಳು ಹೀಗೆ ಕಾಣ್ತದೆ: ಹೈಲೈಟರ್ ಬಣ್ಣ ಪುಸ್ತಕದಲ್ಲಿ ತುಂಬಿದೆ, ರದ್ದಿ ಕಾಗದ ಖಾಲಿ ಉಂಟು. ನೋಟ್ಸ್ ಪುನಃ ಚಂದ ಮಾಡಿ ಬರೆಯುದರಲ್ಲಿ ದಿನ ಹೋಗ್ತಿದೆ. ಯೂಟ್ಯೂಬ್ ಕ್ಲಾಸ್ ನೋಡುವಾಗ ಎಲ್ಲ ಅರ್ಥ ಆಗ್ತದೆ, ಮುಗಿದ ಮೇಲೆ ಎರಡು ವಾಕ್ಯ ಹೇಳ್ಲಿಕ್ಕೆ ಆಗುದಿಲ್ಲ. ಇದರಲ್ಲಿ ಒಂದು ಕಂಡ್ರೂ ಆವತ್ತೇ ಓದು ನಿಲ್ಲಿಸಿ ಬರೆಯುದು ಶುರು ಮಾಡಿ.

ಹಂತ 7: ಗಡಿಯಾರ ಇಟ್ಟು ಪೂರ್ತಿ ಪೇಪರ್

ಕೊನೆಯ ವಾರ ಪ್ರತಿ ಸಬ್ಜೆಕ್ಟಿಗೆ ಒಂದು ಪೇಪರ್ ಆದ್ರೂ ಎದ್ದು ಹೋಗದೆ ಕೂತು ಬರೀಬೇಕು. ಲೆಕ್ಕ ಹೀಗೆ: ಪೇಪರ್ ಎರಡು ಗಂಟೆಗೆ 70 ಮಾರ್ಕ್ ಅಂತಾದ್ರೆ 120 ನಿಮಿಷದಲ್ಲಿ 10 ಪ್ರಶ್ನೆ ಓದಿ ಆರಿಸ್ಲಿಕ್ಕೆ, 10 ಕೊನೆಗೆ ತಿರುಗಿ ನೋಡ್ಲಿಕ್ಕೆ, ಉಳಿದ 100 ನಿಮಿಷವನ್ನು 70 ಮಾರ್ಕಿಗೆ ಹಂಚಿ. ಮಾರ್ಕಿಗೆ ಒಂದೂವರೆ ನಿಮಿಷಕ್ಕೂ ಸ್ವಲ್ಪ ಕಮ್ಮಿ. ಹತ್ತು ಮಾರ್ಕಿನ ಎಸೇಗೆ 14 ನಿಮಿಷ, ಅಷ್ಟೇ. ಮೂರು ಗಂಟೆ 80 ಮಾರ್ಕ್ ಆದ್ರೆ ಅದೇ ಥರ 20 ನಿಮಿಷ ಕಳೆದು ಮಾರ್ಕಿಗೆ ಎರಡು ನಿಮಿಷ. ನಿಮ್ಮ ಪೇಪರಿನ ನಿಜವಾದ ಸಮಯ ಮಾದರಿ ಪೇಪರಲ್ಲಿ ನೋಡಿ ಈ ಲೆಕ್ಕ ಸ್ವಂತ ಮಾಡಿ.

ಮೊದಲ ಸಲ ಬರೆದಾಗ ಹೆಚ್ಚಾಗಿ ಒಂದು ಎಸೇ ಬಾಕಿ ಆಗ್ತದೆ. ಎಲ್ಲಿ ಸಮಯ ಹೋಯ್ತು ಅಂತ ಹುಡುಕಿ. ಎರಡು ಮಾರ್ಕಿನ ಪ್ರಶ್ನೆಗೆ ಒಂದು ಪುಟ ಬರೆದದ್ದೋ, ಇಂಗ್ಲಿಷ್ ಪದ ನೆನಪಾಗ್ಲಿಕ್ಕೆ ಕಾದದ್ದೋ, ಕೈ ನೋವು ಬಂದು ನಿಂತದ್ದೋ. ಪದ ಬಾರದಿದ್ರೆ ಸಾದಾ ಪದ ಹಾಕಿ ಮುಂದೆ ಹೋಗುದನ್ನು ಇಲ್ಲೇ ಅಭ್ಯಾಸ ಮಾಡಿ. ಕೈ ನೋವಿಗೆ ಬರೆದು ಬರೆದು ರೂಢಿ ಆಗುದು ಬಿಟ್ಟು ಬೇರೆ ಮದ್ದಿಲ್ಲ.

ಹಂತ 8: ಕೊನೆಯ ಮೂರು ದಿನ

ಹೊಸ ಟಾಪಿಕ್ ಮುಟ್ಟಬೇಡಿ. ಕೆಂಪು ಪೆನ್ನಿನ ಕಾಗದಗಳು, ಪದಪುಸ್ತಕ, ಚಿತ್ರ, ಸೂತ್ರ ಇಷ್ಟೇ. ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಿ ಎರಡು ಪ್ರಿಂಟ್ ತೆಗೆದು ಫೋಟೋ, ಹೆಸರು, ಕೋಡ್ ನೋಡಿ, ಕಾಲೇಜ್ ಸೀಲ್ ಸಹಿ ಬೇಕಾಗ್ತದಾ ಅಂತ ಆಫೀಸಲ್ಲಿ ಕೇಳಿ. ಸೆಂಟರ್ ಬೇರೆ ಕಾಲೇಜಾದ್ರೆ ಒಮ್ಮೆ ಹೋಗಿ ಜಾಗ ನೋಡಿ ಬನ್ನಿ.

ರಾತ್ರಿ ನಿದ್ದೆ ಬಿಡ್ಬೇಡಿ. ಓದಿದ್ದು ಮನಸ್ಸಲ್ಲಿ ಗಟ್ಟಿ ಆಗುದೇ ನಿದ್ದೆಯಲ್ಲಿ, ಬೆಳಗಿನವರೆಗೆ ಕೂತವರು ಹಾಲಲ್ಲಿ ಪ್ರಶ್ನೆಯನ್ನೇ ತಪ್ಪು ಓದ್ತಾರೆ.

ಹಿಂದಿನ ರಾತ್ರಿ ಗ್ರೂಪಲ್ಲಿ ಇದು ಗ್ಯಾರಂಟಿ ಬರ್ತದೆ ಅಂತ ಲಿಸ್ಟ್ ಓಡಾಡ್ತದೆ. ಗ್ರೂಪ್ ಮ್ಯೂಟ್ ಮಾಡಿ, ಒಬ್ಬ ಫ್ರೆಂಡಿಗೆ ಹೇಳಿಡಿ, ಪರೀಕ್ಷೆ ಬದಲಾದ್ರೆ ಮಾತ್ರ ಫೋನ್ ಮಾಡು ಅಂತ.

ಹಂತ 9: ಆ ದಿನ

ಜೋರು ಮಳೆ ಇದ್ರೆ ಕಲೆಕ್ಟರ್ ರಜೆ ಕೊಡ್ತಾರೆ, ಆದ್ರೆ ಆ ಆರ್ಡರಿನ ಕೊನೆಯಲ್ಲಿ ಮೊದಲೇ ನಿಗದಿಯಾದ ಪರೀಕ್ಷೆಗಳಿಗೆ ಬದಲಾವಣೆ ಇಲ್ಲ ಅಂತ ಸಾಮಾನ್ಯವಾಗಿ ಇರ್ತದೆ. ಟಿವಿಯಲ್ಲಿ ರಜೆ ಅಂತ ನೋಡಿ ಮನೆಯಲ್ಲಿ ಉಳಿದ್ರೆ ಪೇಪರ್ ಹೋಯ್ತು. ಯೂನಿವರ್ಸಿಟಿ ಮುಂದೂಡಿದೆ ಅಂತ ಅವರ ವೆಬ್‌ಸೈಟಲ್ಲಿ ಬಂದ್ರೆ ಅಥವಾ ಕಾಲೇಜ್ ಹೇಳಿದ್ರೆ ಮಾತ್ರ ನಂಬಿ. ಹಾಗೆಯೇ ಶುಕ್ರವಾರದ ಮಧ್ಯಾಹ್ನದ ಪೇಪರಿಗೆ ಸಮಯ ಬೇರೆ ಕೊಡುದುಂಟು, ಟೈಮ್‌ಟೇಬಲಿನ ಅಡಿಯಲ್ಲಿ ಇರುವ ಸಣ್ಣ ಸಾಲನ್ನೂ ಓದಿ.

ಹೈವೇ ಕೆಲಸ, ಬ್ಲಾಕ್, ಬಸ್ ಮುಷ್ಕರ ಯಾವುದು ಯಾವಾಗ ಅಂತ ಹೇಳ್ಲಿಕ್ಕೆ ಬರುದಿಲ್ಲ, ಅದಕ್ಕೆ ಒಂದು ಬಸ್ ಮುಂಚೆ ಹೊರಡಿ. ತಲಪಾಡಿ, ಉಪ್ಪಳ ಕಡೆಯಿಂದ ಬರುವವರು ಟ್ರೈನ್ ಟೈಮೂ ನೋಡಿಟ್ಕೊಳ್ಳಿ. ಹರತಾಳ ಅಂತ ಸುದ್ದಿ ಬಂದ್ರೆ ಹಿಂದಿನ ದಿನವೇ ಪೇಟೆಯಲ್ಲಿರುವ ಸಂಬಂಧಿಕರ ಮನೆಗೆ ಬಂದು ಉಳಿಯುದು ಒಳ್ಳೆದು.

ಹಾಲಲ್ಲಿ ಪೇಪರ್ ಕೈಗೆ ಬಂದ ಕೂಡಲೇ ಕೋಡ್ ನಿಮ್ಮದೇನಾ ನೋಡಿ. ಬೇರೆ ಬಂದಿದ್ರೆ ಆಗಲೇ ಇನ್ವಿಜಿಲೇಟರಿಗೆ ಹೇಳಿ, ಅರ್ಧ ಬರೆದ ಮೇಲೆ ಕಷ್ಟ. ರಿಜಿಸ್ಟರ್ ನಂಬರನ್ನು ಅದರ ಜಾಗದಲ್ಲಿ ಮಾತ್ರ ಬರೀರಿ, ಒಳಗೆ ಎಲ್ಲಿಯೂ ಹೆಸರು, ಓಂ, ದೇವರ ಹೆಸರು, ಗುರುತು ಬೇಡ. ಪ್ರತಿ ಸೆಕ್ಷನ್‌ನಲ್ಲಿ ಎಷ್ಟಕ್ಕೆ ಉತ್ತರ ಬರೀಬೇಕು ಅನ್ನುವ ಸಂಖ್ಯೆಗೆ ವೃತ್ತ ಹಾಕಿ. ಪ್ರಶ್ನೆ ನಂಬರ್ ಪೇಪರಲ್ಲಿ ಇದ್ದದ್ದೇ ಹಾಕಿ, ನಿಮ್ಮ ಸ್ವಂತ ಒಂದು ಎರಡು ಬೇಡ.

ಚೆನ್ನಾಗಿ ಗೊತ್ತಿದ್ದ ಎಸೇಯಿಂದ ಶುರು ಮಾಡಿದ್ರೆ ಕೈ ಓಡ್ತದೆ, ಆದ್ರೆ ಅದಕ್ಕೆ ಕೊಟ್ಟ 14 ನಿಮಿಷ ಮುಗಿದ ಕೂಡಲೇ ನಿಲ್ಲಿಸಿ, ಎರಡು ಸಾಲು ಜಾಗ ಬಿಟ್ಟು ಮುಂದೆ ಹೋಗಿ. ಗೊತ್ತಿದ್ದದ್ದನ್ನು ನಾಲ್ಕು ಪುಟ ಬರೆದು ಕೊನೆಯ ಎರಡು ಪ್ರಶ್ನೆ ಖಾಲಿ ಬಿಟ್ಟವರೇ ಸಪ್ಲಿ ಲಿಸ್ಟಲ್ಲಿ ಹೆಚ್ಚು. ಖಾಲಿ ಬಿಟ್ಟದ್ದಕ್ಕೆ ಯಾರೂ ಮಾರ್ಕ್ ಕೊಡ್ಲಿಕ್ಕೆ ಆಗುದಿಲ್ಲ, ಗೊತ್ತಿದ್ದ ಡೆಫಿನಿಷನ್, ಚಿತ್ರ, ಎರಡು ಪಾಯಿಂಟ್ ಆದ್ರೂ ಬರೀರಿ. ಅಡಿಷನಲ್ ಶೀಟಿಗೆ ನಂಬರ್ ಹಾಕಿ ಕ್ರಮವಾಗಿ ಕಟ್ಟಿ.

ಹಂತ 10: ಒಂದು ಪೇಪರ್ ಹಾಳಾದ್ರೆ

ಹೊರಗೆ ಬಂದು ಉತ್ತರ ತಾಳೆ ಹಾಕುವ ಗುಂಪಲ್ಲಿ ನಿಲ್ಬೇಡಿ, ಸೀದಾ ಮನೆಗೆ. ಊಟ ಮಾಡಿ ಒಂದು ಗಂಟೆ ಮಲಗಿ ಮುಂದಿನ ಪೇಪರಿನ ಕೆಂಪು ಕಾಗದ ತೆಗೀರಿ. ಒಂದು ಪೇಪರ್ ಹೋದ ಬೇಜಾರಲ್ಲಿ ಮುಂದಿನ ಎರಡು ಹಾಳು ಮಾಡ್ಕೊಳ್ಳುದು ತುಂಬಾ ಕಂಡಿದ್ದೇನೆ. ರಾತ್ರಿ ನಿದ್ದೆ ಬರುದಿಲ್ಲ, ಊಟ ಸೇರುದಿಲ್ಲ, ಬದುಕೇ ಬೇಡ ಅನಿಸ್ತದೆ ಅಂತಾದ್ರೆ ಮುಚ್ಚಿಡ್ಬೇಡಿ, ಮನೆಯಲ್ಲಿ ಹೇಳಿ, ಅಥವಾ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹಗಲು ರಾತ್ರಿ ಇರ್ತದೆ.

ರಿಸಲ್ಟ್ ಬಂದು ನಿಮ್ಮ ಅಂದಾಜಿಗಿಂತ ತುಂಬಾ ಕಮ್ಮಿ ಬಂದಿದ್ರೆ ರಿವ್ಯಾಲ್ಯುವೇಷನ್ (ಪುನಃ ಮಾರ್ಕ್ ಹಾಕುದು), ಸ್ಕ್ರೂಟಿನಿ (ಕೂಡಿದ್ದು ಸರಿಯಾ ಅಂತ ನೋಡುದು), ಉತ್ತರ ಪತ್ರಿಕೆಯ ಫೋಟೋಕಾಪಿ ಅಂತ ಅರ್ಜಿ ಹಾಕ್ಲಿಕ್ಕೆ ದಿನಾಂಕ ಕೊಡ್ತಾರೆ, ಅದು ಬೇಗ ಮುಗೀತದೆ, ರಿಸಲ್ಟ್ ನೋಟಿಫಿಕೇಷನ್‌ನಲ್ಲೇ ಬರೆದಿರ್ತದೆ. ನನ್ನ ಅಭಿಪ್ರಾಯದಲ್ಲಿ ಫೋಟೋಕಾಪಿ ತೆಗೆಯುದು ಹಣಕ್ಕೆ ತಕ್ಕ ಕೆಲಸ. ಎಲ್ಲಿ ಮಾರ್ಕ್ ಹೋಗಿದೆ ಅಂತ ಪುಟ ಪುಟ ಕಾಣ್ತದೆ, ಯಾವ ಪ್ರಶ್ನೆ ಖಾಲಿ ಬಿದ್ದಿದೆ, ಎಲ್ಲಿ ಚಿತ್ರ ಇಲ್ಲದೆ ಅರ್ಧ ಕೊಟ್ಟಿದ್ದಾರೆ, ಎಲ್ಲಿ ಕೂಡಿದ್ದು ತಪ್ಪಿದೆ ಅಂತ. ಅದನ್ನು ಸಬ್ಜೆಕ್ಟ್ ಟೀಚರಿಗೆ ತೋರಿಸಿ ಕೇಳಿ.

ಸಪ್ಲಿ ಬರೀಬೇಕಾಗಿ ಬಂದ್ರೆ ಹಂತ ಮೂರರಿಂದ ಶುರು ಮಾಡಿ, ಸಿಲೆಬಸ್ ಪ್ರಿಂಟಿನ ಮೇಲೆ ನೀವು ಬರೆದ ಆ ಪೇಪರಿನ ಪ್ರಶ್ನೆಗಳನ್ನೂ ಗೆರೆ ಹಾಕಿ. ರಿಜಿಸ್ಟ್ರೇಷನ್ ತನ್ನಷ್ಟಕ್ಕೆ ಆಗುದಿಲ್ಲ, ಅದಕ್ಕೆ ಬೇರೆಯೇ ನೋಟಿಫಿಕೇಷನ್ ಬರ್ತದೆ, ಜೂನಿಯರ್ ಬ್ಯಾಚಿನ ಪರೀಕ್ಷೆಯ ಜೊತೆ ಇರ್ತದೆ ಹೆಚ್ಚಾಗಿ, ಹಾಗಾಗಿ ಜೂನಿಯರ್ ಒಬ್ಬರ ನಂಬರ್ ಇಟ್ಕೊಂಡು ಅವರಿಗೆ ನೋಟಿಸ್ ಬಂದ ದಿನ ನಿಮಗೂ ಕಳಿಸ್ಲಿಕ್ಕೆ ಹೇಳಿಡಿ.